ಗೊತ್ತಿಲ್ಲದ ವಿಡಿಯೊ ತೆರೆಯುವ ಮುನ್ನ: ಮೀಡಿಯಾ ಪ್ಲೇಯರನ್ನು ಭದ್ರ ಮಾಡಿಕೊಳ್ಳುವುದು ಹೇಗೆ?

ಎಲ್ಲಿಂದಲೋ ಬಂದ ಪ್ರೋಗ್ರಾಂ ಫೈಲನ್ನು ಒತ್ತಲು ಹಿಂದೆಮುಂದೆ ನೋಡುವವರೂ ವಿಡಿಯೊ ಬಂದರೆ ತಟ್ಟನೆ ತೆರೆದುಬಿಡುತ್ತಾರೆ. ಬರೀ ಚಿತ್ರ, ಸದ್ದು ತಾನೆ ಎಂಬ ಧೈರ್ಯ. ಆದರೆ ತೋರಿಸುವ ಮೊದಲು ಪ್ಲೇಯರ್ ಆ ಫೈಲನ್ನು ಓದಬೇಕಲ್ವಾ? ತೊಂದರೆ ಹುಟ್ಟುವುದು ಆ ಓದಿನಲ್ಲೇ.

ಎಂಪಿ4 ಫೈಲ್ ಅಂದರೆ ತುಂಡುಗಳ ಸಾಲು. ಪ್ರತಿ ತುಂಡಿನ ತಲೆಯಲ್ಲೂ ಅದರ ಉದ್ದ ಬರೆದಿರುತ್ತದೆ. ಪ್ಲೇಯರ್ ಅದನ್ನು ನಂಬಿ, ಅಷ್ಟು ಮೆಮೊರಿ ತೆಗೆದಿಟ್ಟು, ತುಂಡನ್ನು ಅಲ್ಲಿಗೆ ಸುರಿಯುತ್ತದೆ. ಬರೆದ ಅಳತೆಯೇ ಸುಳ್ಳಾದರೆ? ಈ ಉದ್ದ ಬರೆಯಲು ಸಾಮಾನ್ಯವಾಗಿ ಇರುವ ಜಾಗ 32 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಹಿಡಿಯುವ 32 ಮನೆಗಳು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295. ಅದಕ್ಕೆ 1 ಕೂಡಿಸಿದರೆ ಲೆಕ್ಕ ಮತ್ತೆ ಸೊನ್ನೆಗೆ ಬಂದು ನಿಲ್ಲುತ್ತದೆ. ಬೇಕೆಂದೇ ಇಂಥ ಸಂಖ್ಯೆ ತುಂಬಿದ ಫೈಲ್ ಕೊಟ್ಟರೆ, ಎಚ್ಚರವಿಲ್ಲದ ಪ್ಲೇಯರ್ ಚಿಕ್ಕ ಜಾಗ ತೆಗೆದಿಟ್ಟು ದೊಡ್ಡ ತುಂಡು ಸುರಿಯುತ್ತದೆ. ಉಕ್ಕಿದ್ದು ಪಕ್ಕದ ಮೆಮೊರಿ ಮೇಲೆ ಬೀಳುತ್ತದೆ. ಹೆಚ್ಚಿನ ಸಲ ಪ್ಲೇಯರ್ ನಿಂತುಹೋಗುತ್ತದೆ, ಅಷ್ಟೇ. ಫೈಲ್ ಮಾಡಿದವನು ಜಾಣನಾಗಿದ್ದರೆ ಅವನ ಕೋಡ್ ಓಡತೊಡಗುತ್ತದೆ. 2015ರಲ್ಲಿ ಆಂಡ್ರಾಯ್ಡ್ ಫೋನುಗಳನ್ನು ನಡುಗಿಸಿದ ‘ಸ್ಟೇಜ್‌ಫ್ರೈಟ್’ ದೋಷಗಳಲ್ಲಿ ಈ ಬಗೆಯ ಲೆಕ್ಕದ ಎಡವಟ್ಟೂ ಇತ್ತು. ಎಂಎಂಎಸ್‌ನಲ್ಲಿ ಬಂದ ವಿಡಿಯೊವನ್ನು ಬಳಕೆದಾರ ತೆರೆಯುವ ಮೊದಲೇ ಫೋನ್ ತಾನಾಗಿ ಓದಿಡುತ್ತಿತ್ತು. ಹಾಗಾಗಿ ಯಾರೂ ಏನನ್ನೂ ಒತ್ತಬೇಕಿರಲಿಲ್ಲ.

1. ಹಳೆಯದನ್ನು ಕಿತ್ತುಹಾಕಿ

ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳ ಪಟ್ಟಿ ತೆರೆಯಿರಿ. ವಿಂಡೋಸ್‌ಗಾಗಿ ಬಂದ ಕ್ವಿಕ್‌ಟೈಮ್ ಇದ್ದರೆ ಈಗಲೇ ತೆಗೆಯಿರಿ. ಆಪಲ್ ಅದರ ಕೈಬಿಟ್ಟಿದ್ದು 2016ರಲ್ಲಿ. ಆಗಲೇ ಅದರಲ್ಲಿ ತೇಪೆ ಹಾಕದ ಎರಡು ದೋಷಗಳಿದ್ದವು. ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿದಿದೆ, ಅದೂ ಬೇಡ. ಕುಗ್ಗಿಸಿಟ್ಟ ವಿಡಿಯೊ, ಸದ್ದನ್ನು ಬಿಡಿಸಿ ಓದುವ ಕೋಡ್‌ಗೆ ಕೋಡೆಕ್ ಎನ್ನುತ್ತಾರೆ. ಎಂದೋ ಹಾಕಿಕೊಂಡ ‘ಕೋಡೆಕ್ ಪ್ಯಾಕ್’ಗಳು ಇವೆಯೇ ನೋಡಿ. ಈಗಿನ ಪ್ಲೇಯರ್‌ಗಳಲ್ಲಿ ಬೇಕಾದ ಕೋಡೆಕ್‌ಗಳು ಜೊತೆಗೇ ಬರುತ್ತವೆ. ಈ ಪ್ಯಾಕ್‌ಗಳು ಸುಮ್ನೆ ಕೂತಿರುತ್ತವೆ, ಅಪ್‌ಡೇಟ್ ಮಾಡುವ ನೆನಪೇ ಇರುವುದಿಲ್ಲ.

2. ಉಳಿದದ್ದನ್ನು ಅಪ್‌ಡೇಟ್ ಮಾಡಿ

ವಿಂಡೋಸ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಾದರೆ ‘ಹೆಲ್ಪ್’ ಮೆನುವಿಗೆ ಹೋಗಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ಬೇರೆ ಪ್ಲೇಯರ್‌ಗಳಲ್ಲೂ ಇಂಥದ್ದೇ ಆಯ್ಕೆ ಇರುತ್ತದೆ. ಹೊಸದಾಗಿ ಇಳಿಸಿಕೊಳ್ಳುವುದಾದರೆ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ಮುಟ್ಟಬೇಡಿ.

ಇಲ್ಲಿಗೇ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಆದರೆ ಓದುವ ಕೆಲಸವನ್ನು ಪ್ಲೇಯರ್ ಎಷ್ಟೋ ಸಲ ತಾನೇ ಮಾಡುವುದಿಲ್ಲ, ಲೈಬ್ರರಿಗಳಿಂದ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್‌ನಿಂದ ಮಾಡಿಸುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಒಂದೇ ಲೈಬ್ರರಿ ಹತ್ತಾರು ಪ್ಲೇಯರ್‌ಗಳ ಒಳಗಿದೆ. ಹಾಗಾಗಿ ಪ್ಲೇಯರ್ ಬದಲಿಸಿದ ಮಾತ್ರಕ್ಕೆ ದೋಷ ತಪ್ಪಿತು ಎನ್ನಲಾಗದು. ಲಿನಕ್ಸ್‌ನಲ್ಲಿ ಈ ಲೈಬ್ರರಿಗಳು ಹೆಚ್ಚಾಗಿ ಬೇರೆ ಪ್ಯಾಕೇಜ್‌ಗಳಾಗಿರುತ್ತವೆ. ಪ್ಲೇಯರನ್ನಷ್ಟೇ ಅಲ್ಲ, ಇಡೀ ಸಿಸ್ಟಂ ಅನ್ನು ಅಪ್‌ಡೇಟ್ ಮಾಡಬೇಕು. ವಿಂಡೋಸ್‌ನದು ಇನ್ನೊಂದು ಕತೆ. 2020ರಲ್ಲಿ ಅದರ ಕೋಡೆಕ್ ಲೈಬ್ರರಿಯಲ್ಲಿ ದೋಷ ಸಿಕ್ಕಿದಾಗ ತೇಪೆ ಬಂದದ್ದು ವಿಂಡೋಸ್ ಅಪ್‌ಡೇಟ್ ಮೂಲಕವಲ್ಲ, ಮೈಕ್ರೋಸಾಫ್ಟ್ ಸ್ಟೋರ್ ಮೂಲಕ. ಸ್ಟೋರ್ ತೆರೆದು ಅಲ್ಲಿರುವ ಅಪ್‌ಡೇಟ್‌ಗಳನ್ನೂ ಹಾಕಿಕೊಳ್ಳಿ. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಫೋನುಗಳಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಬೇರೆ, ‘ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್’ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ನೋಡಿ.

3. ಫೈಲಿನ ಪೂರ್ತಿ ಹೆಸರು ಕಾಣುವಂತೆ ಮಾಡಿ

ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ಆಮೇಲೆ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’. ಹೆಸರಿನ ಕೊನೆಯಲ್ಲಿ ಎಂಪಿ4 ಆದ ಮೇಲೆ ಇನ್ನೊಂದು ಚುಕ್ಕಿ ಇಟ್ಟು ‘ಇಎಕ್ಸ್‌ಇ’ ಎಂದಿದ್ದರೆ ಅದು ವಿಡಿಯೊ ಅಲ್ಲ. ‘ಇದನ್ನು ನೋಡಲು ಈ ಕೋಡೆಕ್ ಇಳಿಸಿಕೊಳ್ಳಿ’ ಎಂದು ಯಾವುದೋ ತಾಣಕ್ಕೆ ಕರೆದೊಯ್ಯುವ ಫೈಲನ್ನೂ ಅಳಿಸಿಬಿಡಿ.

4. ಸಬ್‌ಟೈಟಲ್ ಮೇಲೆ ಒಂದು ಕಣ್ಣಿರಲಿ

ನನ್ನ ಮಟ್ಟಿಗೆ ಜನ ಅತಿ ಕಡಿಮೆ ಅನುಮಾನಪಡುವ ಫೈಲ್ ಇದೇ. 2017ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಕಿಡಿಗೇಡಿ ಸಬ್‌ಟೈಟಲ್ ಫೈಲಿನಿಂದಲೇ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡು ತೋರಿಸಿದರು. ವಿಎಲ್‌ಸಿ, ಕೋಡಿ, ಪಾಪ್‌ಕಾರ್ನ್ ಟೈಮ್, ಸ್ಟ್ರೀಮಿಯೊ ನಾಲ್ಕರಲ್ಲೂ ಲೋಪ ಸಿಕ್ಕಿತು. ಸಬ್‌ಟೈಟಲ್ ತಾಣಗಳಲ್ಲಿ ತಮ್ಮ ಫೈಲಿನ ರ‍್ಯಾಂಕ್ ಮೇಲೇರುವಂತೆ ಮಾಡಿದರೆ ಪ್ಲೇಯರ್ ತಾನೇ ಅದನ್ನು ಆರಿಸಿ ಇಳಿಸಿಕೊಳ್ಳುತ್ತದೆ ಎಂಬುದನ್ನೂ ತೋರಿಸಿಕೊಟ್ಟರು. ಆ ಲೋಪಗಳಿಗೆ ತೇಪೆ ಬಿದ್ದಿದೆ. ಆದರೂ ಸಬ್‌ಟೈಟಲ್ ತಾನಾಗಿ ಇಳಿಸಿಕೊಳ್ಳುವ ಆಯ್ಕೆ ನಿಮ್ಮ ಪ್ಲೇಯರ್‌ನಲ್ಲಿದ್ದರೆ ಆಫ್ ಮಾಡಿಬಿಡಿ.

5. ಬೇಡದ ಬಾಗಿಲು ಮುಚ್ಚಿ

ಬೇರೆ ಸಾಧನದಿಂದ ಪ್ಲೇಯರ್ ನಡೆಸುವ ‘ವೆಬ್ ಇಂಟರ್‌ಫೇಸ್’, ಇಂಟರ್‌ನೆಟ್‌ನಿಂದ ಮಾಹಿತಿ ತರುವ ‘ಮೆಟಾಡೇಟಾ ನೆಟ್‌ವರ್ಕ್ ಆ್ಯಕ್ಸೆಸ್’ ಬಳಸದಿದ್ದರೆ ಬೇಡ. ಅಡ್ಮಿನ್ ಖಾತೆಯಿಂದ ಸಿನಿಮಾ ನೋಡಬೇಡಿ. ನುಗ್ಗಿದ ಕೋಡ್‌ಗೆ ಪ್ಲೇಯರ್‌ಗಿರುವಷ್ಟೇ ಅಧಿಕಾರ ಸಿಗುತ್ತದೆ. ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರವಿರುವ ‘ರೂಟ್’ ಖಾತೆಯಿಂದ ತೆರೆಯಹೋದರೆ ವಿಎಲ್‌ಸಿ ಕ್ಷಮೆ ಕೇಳಿ ನಿರಾಕರಿಸುವುದು ಇದಕ್ಕೇ.

6. ಗಾಬರಿ ಸುದ್ದಿ ಬಂದಾಗ

2019ರ ಜುಲೈನಲ್ಲಿ ವಿಎಲ್‌ಸಿಯಲ್ಲಿ ಭಾರಿ ದೋಷವಿದೆ, ಕೂಡಲೇ ತೆಗೆದುಹಾಕಿ ಎಂದು ಸುದ್ದಿ ಹಬ್ಬಿತು. ವಿಚಾರಿಸಿದರೆ ದೋಷವಿದ್ದದ್ದು ಲಿಬ್‌ಇಬಿಎಂಎಲ್ ಎಂಬ ಲೈಬ್ರರಿಯ ಹಳೆಯ ಆವೃತ್ತಿಯಲ್ಲಿ. ವಿಎಲ್‌ಸಿ ತನ್ನ 3.0.3 ಆವೃತ್ತಿಯಿಂದಲೇ ಸರಿಯಾದ ಲೈಬ್ರರಿ ಕೊಡುತ್ತಿತ್ತು. ದೋಷವಿದೆ ಎಂದು ಮೊದಲು ತಿಳಿಸಿದವರ ಲಿನಕ್ಸ್ ಹಳೆಯದಾಗಿತ್ತು. ಹೀಗಾಗಿ ಸುದ್ದಿಯ ಶೀರ್ಷಿಕೆ ಓದಿ ಓಡಬೇಡಿ. ಪ್ರತಿ ದೋಷವನ್ನು ಗುರುತಿಸಲು ಕೊಡುವ ‘ಸಿವಿಇ’ ಸಂಖ್ಯೆ ಹಿಡಿದು ತಯಾರಕರ ತಾಣದಲ್ಲಿ ನೋಡಿ. ಯಾವ ಆವೃತ್ತಿಗೆ ತೊಂದರೆ, ಯಾವುದರಲ್ಲಿ ಸರಿಯಾಗಿದೆ, ನಿಮ್ಮದು ಯಾವುದು ಎಂದು ಹೋಲಿಸಿ. ಇದಕ್ಕಿಂತ ಜಾಸ್ತಿ ಕೆಲಸ ಇಲ್ಲ.

7. ಫೈಲ್ ತೆರೆದಾಗ ಪ್ಲೇಯರ್ ನಿಂತುಹೋದರೆ

ಬಹುತೇಕ ಅದು ಹಾಳಾದ ಫೈಲೇ ಇರುತ್ತದೆ, ದಾಳಿಯಲ್ಲ. ಆದರೆ ಗೊತ್ತಿಲ್ಲದವರಿಂದ ಬಂದದ್ದಾದರೆ ಬೇರೆ ಬೇರೆ ಪ್ಲೇಯರ್‌ನಲ್ಲಿ ಹಾಕಿ ನೋಡುತ್ತಾ ಕೂರಬೇಡಿ. ಅಳಿಸಿ, ಪ್ಲೇಯರ್ ಅಪ್‌ಡೇಟ್ ಆಗಿದೆಯೇ ನೋಡಿ, ಆ್ಯಂಟಿವೈರಸ್‌ನಿಂದ ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಿಸಿ.