ರೀಬೇಸ್ ಸರಿಯಾಗೇ ಇತ್ತು, ತಾರೀಖು ಆಟ ಆಡಿಸಿತು

ಒಂದು ಬಗ್ ಸರಿಪಡಿಸಲು ಗಿಟ್‌ನಲ್ಲಿ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ) ನಾಲ್ಕು ಕಮಿಟ್, ಅಂದರೆ ದಾಖಲಾದ ನಾಲ್ಕು ಬದಲಾವಣೆ, ಮಾಡಿದ್ದೆ. ಬಗ್ ತೋರಿಸುವ ಟೆಸ್ಟ್ ಬರೆದದ್ದು ಮಾತ್ರ ಕೊನೆಗೆ. ಓದುವವರಿಗೆ ಅದು ಮೊದಲು ಸಿಕ್ಕರೆ ಒಳ್ಳೆಯದು ಅಲ್ವಾ? ಕಮಿಟ್‌ಗಳ ಪಟ್ಟಿ ತೋರಿಸಿ ಕ್ರಮ ಬದಲಿಸಲು ಬಿಡುವ ಇಂಟರಾಕ್ಟಿವ್ ರೀಬೇಸ್ ತೆರೆದು ಟೆಸ್ಟ್ ಕಮಿಟ್‌ನ ಸಾಲನ್ನು ಮೇಲಕ್ಕೆ ತಂದೆ, ಫೋರ್ಸ್ ಪುಶ್ ಮಾಡಿ ಸರ್ವರ್‌ನಲ್ಲಿದ್ದ ಹಳೆಯದರ ಜಾಗಕ್ಕೆ ಹೊಸದನ್ನು ಕಳಿಸಿದೆ.

ಸ್ವಲ್ಪ ಹೊತ್ತಿಗೆ ರಿವ್ಯೂ ಮಾಡುತ್ತಿದ್ದವರ ಮೆಸೇಜ್ ಬಂತು: "ಟೆಸ್ಟ್ ಮೊದಲು ಅಂದ್ರಿ, ಇಲ್ಲಿ ಕೊನೇಲಿದೆಯಲ್ರೀ?"

ನನ್ನದೇ ತಪ್ಪು ಅಂದುಕೊಂಡು ಇನ್ನೆರಡು ಸಲ ರೀಬೇಸ್ ಮಾಡಿದೆ. ಸುಮ್ನೆ ದಂಡ. ನನ್ನ ಟರ್ಮಿನಲ್‌ನಲ್ಲಿ ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ಸರಿಯಾದ ಕ್ರಮವನ್ನೇ ತೋರಿಸುತ್ತಿತ್ತು. ರಿವ್ಯೂ ಪುಟದಲ್ಲಿ ಮಾತ್ರ ಹಳೆಯ ಕ್ರಮ.

ಆಮೇಲೆ ಲಾಗ್‌ನಲ್ಲಿ ಎರಡು ತಾರೀಖುಗಳನ್ನೂ ಪಕ್ಕಪಕ್ಕ ತೆಗೆದು ನೋಡಿದೆ. ಪ್ರತಿ ಕಮಿಟ್‌ಗೂ ಮೊದಲು ಬರೆದ ಹೊತ್ತಿನ ಆಥರ್ ಡೇಟ್ ಒಂದು, ಈಗಿನ ರೂಪದಲ್ಲಿ ದಾಖಲಾದ ಹೊತ್ತಿನ ಕಮಿಟರ್ ಡೇಟ್ ಒಂದು. ರೀಬೇಸ್ ಮಾಡಿದಾಗ ಕಮಿಟರ್ ಡೇಟ್ ಹೊಸದಾಗುತ್ತದೆ, ಆಥರ್ ಡೇಟ್ ಹಾಗೇ ಉಳಿಯುತ್ತದೆ. ಫೈಲಿನಲ್ಲಿ ಕಾಗದಗಳನ್ನು ಹಿಂದುಮುಂದು ಜೋಡಿಸಿದರೂ ಅವುಗಳ ಮೇಲೆ ಬರೆದ ತಾರೀಖು ಬದಲಾಗದಲ್ಲ, ಹಾಗೆ. ಗಿಟ್‌ಗೆ ನಿಜವಾದ ಕ್ರಮ ಅಂದರೆ ಯಾವ ಕಮಿಟ್‌ಗೆ ಯಾವುದು ಪೇರೆಂಟ್ (ಅದರ ಹಿಂದಿನ ಕಮಿಟ್) ಅನ್ನುವುದು. ನಮ್ಮ ರಿವ್ಯೂ ಪುಟ ಅದನ್ನು ಬಿಟ್ಟು ಆಥರ್ ಡೇಟ್ ನೋಡಿ ಸಾಲು ಹಚ್ಚುತ್ತಿತ್ತು. ಕೋಡ್ ಏನೂ ಕೆಟ್ಟಿರಲಿಲ್ಲ.

ಮೊದಲು ರೀಬೇಸ್‌ಗೆ ಆಥರ್ ಡೇಟನ್ನೂ ಈಗಿನದಕ್ಕೆ ಬದಲಿಸುವ ರೀಸೆಟ್-ಆಥರ್-ಡೇಟ್ ಆಯ್ಕೆ ಕೊಟ್ಟೆ. ಕಮಿಟ್‌ಗಳು ಸಣ್ಣವು, ರೀಬೇಸ್ ಕ್ಷಣದಲ್ಲಿ ಮುಗಿಯಿತು. ಗಿಟ್ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಷ್ಟೇ ಬರೆದಿಡುತ್ತದೆ. ನಾಲ್ಕಕ್ಕೂ ಒಂದೇ ಸೆಕೆಂಡು ಬಿದ್ದು ಮತ್ತೆ ಕಲಸುಮೇಲೋಗರ. ಕೊನೆಗೆ ಪ್ರತಿ ಕಮಿಟ್ ಆದ ಮೇಲೆ ನಾವು ಹೇಳಿದ ಆಜ್ಞೆ ನಡೆಸುವ ಎಕ್ಸೆಕ್ ಆಯ್ಕೆ ಹಿಡಿದೆ: ಒಂದು ಸೆಕೆಂಡು ಸ್ಲೀಪ್ (ಕಾಯುವುದು), ಆಮೇಲೆ ಆಥರ್ ಡೇಟ್ ಈಗಿನದಕ್ಕೆ ಬದಲಿಸಿ ಅಮೆಂಡ್, ಅಂದರೆ ಆ ಕಮಿಟ್ಟನ್ನೇ ತಿದ್ದಿ ಬರೆಯುವುದು. ನಾಲ್ಕು ಸೆಕೆಂಡು ಜಾಸ್ತಿ ಹಿಡಿಯಿತು, ಅಷ್ಟೇ. ಪುಟದಲ್ಲಿ ಟೆಸ್ಟ್ ಮೇಲೆ ಬಂತು.

ಈ ಉಪಾಯ ನನಗೆ ಪೂರ್ತಿ ಇಷ್ಟವಿಲ್ಲ. ಯಾವತ್ತು ಬರೆದದ್ದು ಅನ್ನುವ ಗುರುತು ಅಳಿಸಿಹೋಗುತ್ತದೆ. ಬೇರೆಯವರ ಕಮಿಟ್ ನಡುವೆ ಇದ್ದರಂತೂ ನಾನು ಮುಟ್ಟುವುದಿಲ್ಲ. ರಿವ್ಯೂ ಮಾಡುವವರು ಒಂದೊಂದೇ ಕಮಿಟ್ ಓದುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ತಾರೀಖು ಬದಲಿಸುತ್ತೇನೆ. ಇಲ್ಲದಿದ್ದರೆ ರಿವ್ಯೂಗೆ ಕಳಿಸುವಾಗ ಬರೆಯುವ ವಿವರಣೆಯ ಮೊದಲ ಸಾಲಲ್ಲೇ "ಟೆಸ್ಟ್ ಕಮಿಟ್ ಮೊದಲು ಓದಿ" ಅಂತ ಬರೆದುಬಿಡುತ್ತೇನೆ.