ಬಳ್ಳಿ ತಾನಾಗಿ ಹಬ್ಬುತ್ತದೆ, ಕಾಯಿಗೆ ಕಾವಲು ಬೇಕು: ಹಿತ್ತಲ ಸಿಹಿಗುಂಬಳ

ಸಿಹಿಗುಂಬಳದ ಬೀಜ ತಿಪ್ಪೆ ಮೇಲೆ ಬಿದ್ದರೂ ಹುಟ್ಟುತ್ತದೆ. ಹುಟ್ಟಿದ್ದು ಬೇಲಿ ದಾಟಿ ಪಕ್ಕದ ಮನೆಯ ಸೂರಿಗೂ ಹತ್ತುತ್ತದೆ. ಅದಕ್ಕೇ ಇದಕ್ಕೆ ಆರೈಕೆ ಬೇಡ ಅನ್ನುವ ಮಾತು ಬಂದಿರುವುದು. ಬಳ್ಳಿಯ ಮಟ್ಟಿಗೆ ಅದು ನಿಜ, ಕಾಯಿಯ ಮಟ್ಟಿಗೆ ಅಲ್ಲ. ಸಸಿ ಎರಡೆಲೆಯಲ್ಲಿ ಇರುವಾಗ, ಹೆಣ್ಣುಹೂ ಅರಳುವ ಬೆಳಗ್ಗೆ, ಮಿಡಿ ಕಚ್ಚಿದ ಮೇಲಿನ ಎರಡು ವಾರ, ಈ ಮೂರು ಹೊತ್ತಲ್ಲಿ ಕಣ್ಣಿಟ್ಟರೆ ಸಾಕು. ಉಳಿದಂತೆ ನೀರು ಹಾಕಿ ನಮ್ಮ ಕೆಲಸಕ್ಕೆ ನಾವು ಹೋಗಬಹುದು.

ನಮ್ಮ ಮೈಸೂರು ಕಡೆ ವರ್ಷಕ್ಕೆ ಎರಡು ಸಲ ಬೀಜ ಹಾಕಬಹುದು: ಜನವರಿ ಕೊನೆಯಿಂದ ಫೆಬ್ರವರಿ, ಮತ್ತೆ ಜೂನ್–ಜುಲೈ. ಮಲೆನಾಡು, ಕರಾವಳಿಯ ಜಡಿಮಳೆಗೆ ಗುಂಡಿಯಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ, ಹೂವಿಗೂ ನೀರು ತುಂಬುತ್ತದೆ. ಅಲ್ಲಿಯವರು ಏರುಮಡಿ ಮಾಡಿ ಹಾಕಬೇಕು, ಇಲ್ಲವೇ ಮಳೆ ಇಳಿಯುವವರೆಗೆ ಕಾಯಬೇಕು.

ಬೀಜಕ್ಕೆ ಬಹಳ ಹುಡುಕಬೇಕಾಗಿಲ್ಲ. ಮನೆಗೆ ತಂದ ಬಲಿತ ಕಾಯಿಯ ಬೀಜವೇ ಬರುತ್ತದೆ. ಆದರೆ ಅದು ಹೈಬ್ರಿಡ್ ಕಾಯಿಯಾಗಿದ್ದರೆ ಒಂದೊಂದು ಗಿಡದಲ್ಲಿ ಒಂದೊಂದು ಬಗೆಯ ಕಾಯಿ ಬಿಡಬಹುದು. ಇಂಥದ್ದೇ ಬೇಕು ಅನ್ನುವವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ತಳಿಗಳಿವೆ. ಅರ್ಕಾ ಚಂದನ್ ಕಾಯಿ 2–3 ಕಿಲೋ ತೂಗುತ್ತದೆ, ಬಲಿತಾಗ ತಿಳಿ ಕಂದು ಬಣ್ಣ. ಅರ್ಕಾ ಸೂರ್ಯಮುಖಿ ಕಿತ್ತಳೆ ಬಣ್ಣದ ಸಣ್ಣ ಕಾಯಿ, ಹೆಚ್ಚುಕಡಿಮೆ ಒಂದು ಕಿಲೋ. ಸಣ್ಣ ಸಂಸಾರಕ್ಕೆ ನನ್ನ ಆಯ್ಕೆ ಎರಡನೆಯದು. ಕಡಿದ ಕಾಯಿ ಅರ್ಧ ಉಳಿದು ಹಾಳಾಗುವುದು ತಪ್ಪುತ್ತದೆ, ಹಣ್ಣುನೊಣದ ಕಾಟವನ್ನೂ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ.

ಗುಂಡಿ ಒಂದೂವರೆ ಅಡಿ ಅಗಲ, ಒಂದಡಿ ಆಳ. ಮೇಲ್ಮಣ್ಣಿಗೆ ಒಂದು ಮಂಕರಿ, ಅಂದರೆ ಸುಮಾರು 10 ಕಿಲೋ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಸೌದೆ ಬೂದಿ ಬೆರೆಸಿ ತುಂಬಿ, ನೀರು ಹಾಕಿ ಒಂದು ವಾರ ಬಿಡುತ್ತೇನೆ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ, ಗೊಣ್ಣೆಹುಳವೂ ಬರುತ್ತದೆ. ಗುಂಡಿಯಿಂದ ಗುಂಡಿಗೆ ಏಳೆಂಟು ಅಡಿ ಬಿಡಬೇಕು. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಜಾಗವಾದರೆ ಈ ಕೆಲಸಕ್ಕೇ ಕೈಹಾಕಬಾರದು. ನೆರಳಲ್ಲಿ ಬಳ್ಳಿ ಸೊಗಸಾಗಿ ಹಬ್ಬುತ್ತದೆ, ಕಾಯಿ ಮಾತ್ರ ಕಾಣುವುದಿಲ್ಲ.

ಬೀಜವನ್ನು ರಾತ್ರಿ ನೆನೆಸಿ, ಗುಂಡಿಗೆ ನಾಲ್ಕರಂತೆ, ಒಂದಂಗುಲ ಆಳಕ್ಕೆ ಊರಬೇಕು. ವಾರದೊಳಗೆ ಮೊಳಕೆ ಮೇಲೆ ಬರುತ್ತದೆ. ನಾಲ್ಕೆಲೆಯಾದಾಗ ಗಟ್ಟಿಯಾದ ಎರಡನ್ನು ಉಳಿಸಿ, ಮಿಕ್ಕವನ್ನು ಕೀಳದೆ ಬುಡದಲ್ಲಿ ಕತ್ತರಿಸುತ್ತೇನೆ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ.

ಮೊದಲ ಕಾವಲು ಇಲ್ಲಿಂದ ಶುರು. ಕೆಂಪು ಕುಂಬಳ ದುಂಬಿ, ಭತ್ತದ ಕಾಳಿನುದ್ದದ ಕೇಸರಿ ಬಣ್ಣದ ಹುಳು, ಎರಡು ಬೀಜದೆಲೆಗಳನ್ನೂ ತೂತು ತೂತು ಮಾಡಿ ಒಂದೆರಡು ದಿನದಲ್ಲಿ ಸಸಿಯನ್ನೇ ಮುಗಿಸಿಬಿಡುತ್ತದೆ. ಬಿಸಿಲೇರಿದ ಮೇಲೆ ಕೈಗೆ ಸಿಗದೆ ಹಾರುತ್ತದೆ, ಮುಂಜಾನೆ ತಣ್ಣಗಿರುವಾಗ ಜಡವಾಗಿ ಎಲೆ ಅಡಿಯಲ್ಲಿ ಕೂತಿರುತ್ತದೆ. ಸೋಪುನೀರಿನ ಡಬ್ಬ ಕೆಳಗೆ ಹಿಡಿದು ಎಲೆ ತಟ್ಟಿದರೆ ಸಾಕು. ಇಬ್ಬನಿ ಇರುವಾಗ ಜರಡಿ ಹಿಡಿದ ಬೂದಿ ಉದುರಿಸಿದರೆ ಎಲೆಗೆ ಅಂಟಿ ನಿಲ್ಲುತ್ತದೆ. ಇನ್ನೂ ಸುಲಭ ಬೇಕೆಂದರೆ ಹಳೆ ಸೊಳ್ಳೆಪರದೆಯ ತುಂಡನ್ನು ನಾಲ್ಕು ಕಡ್ಡಿಗೆ ಕಟ್ಟಿ, ಅಂಚಿಗೆ ಮಣ್ಣು ಮುಚ್ಚಿ. ಬಳ್ಳಿ ಓಡಲು ಶುರುವಾದ ಮೇಲೆ ತೆಗೆಯಬಹುದು. ಆಮೇಲೆ ದುಂಬಿ ನಾಲ್ಕೆಲೆ ತಿಂದರೂ ಬಳ್ಳಿಗೆ ಲೆಕ್ಕವಿಲ್ಲ.

ಬಳ್ಳಿ ಐದಾರು ಅಡಿ ಆದಾಗ ತುದಿ ಚಿವುಟಬೇಕು. ಪಕ್ಕದ ಕವಲು ಒಡೆಯುತ್ತದೆ, ಹೆಣ್ಣುಹೂ ಕವಲಿನಲ್ಲೇ ಹೆಚ್ಚು. ನೆಲದ ಮೇಲೆ ಹಬ್ಬಿದ ಬಳ್ಳಿಯ ಗೆಣ್ಣುಗಳ ಮೇಲೆ ಅಲ್ಲಲ್ಲಿ ಒಂದು ಬೊಗಸೆ ಮಣ್ಣು ಹಾಕಿದರೆ ಅಲ್ಲೂ ಬೇರು ಬಿಡುತ್ತದೆ. ಬುಡ ಕೊಳೆತರೂ ಬಳ್ಳಿ ಬದುಕುವುದು ಆ ಬೇರಿನಿಂದಲೇ. ಎಲೆಯ ನರಗಳು ಕೂಡುವ ಕಡೆ ಬೆಳ್ಳಿ ಬಣ್ಣದ ಮಚ್ಚೆ ಕಂಡರೆ ಗಾಬರಿ ಬೇಡ. ಈ ಜಾತಿಯ ಸಿಹಿಗುಂಬಳದ ಎಲೆಗೆ ಅದು ಹುಟ್ಟುಗುಣ. ಬೆರಳಿಂದ ಉಜ್ಜಿದರೆ ಪುಡಿಯಾಗಿ ಬರುವ ಬಿಳುಪು ಮಾತ್ರ ಬೂದಿರೋಗ. ಮಧ್ಯಾಹ್ನ ಎಲೆಯೆಲ್ಲ ಬಾಡಿ ಜೋತುಬಿದ್ದಿದ್ದರೂ ಕೊಡ ಹಿಡಿದು ಓಡಬೇಡಿ. ಸಂಜೆ ಹೋಗಿ ನೋಡಿ, ಆಗಲೂ ಹಾಗೇ ಇದ್ದರೆ ನೀರು ಬೇಕು ಅಂತ ಅರ್ಥ.

"ಹೂವೇನೋ ರಾಶಿ ಬಿಡುತ್ತೆ, ಒಂದೂ ಕಾಯಾಗಲ್ಲ" ಎಂಬುದು ಎಲ್ಲರೂ ಕೇಳುವ ದೂರು. ಮೊದಲು ಬಿಡುವುದೆಲ್ಲ ಗಂಡುಹೂ. ಉದ್ದ ಸಣ್ಣ ತೊಟ್ಟಿನ ಮೇಲೆ ಅರಳಿ ಅದೇ ದಿನ ಬಾಡುತ್ತದೆ. ಹೆಣ್ಣುಹೂ ಒಂದೆರಡು ವಾರ ತಡ, ಅದರ ಬುಡದಲ್ಲಿ ಗೋಲಿ ಗಾತ್ರದ ಮಿಡಿ ಇರುತ್ತದೆ. ಯೂರಿಯಾ ಸುರಿದರೆ ಎಲೆ ಆನೆಕಿವಿಯಷ್ಟಾಗಿ ಹೆಣ್ಣುಹೂ ಇನ್ನೂ ತಡವಾಗುತ್ತದೆ. ಹೆಣ್ಣುಹೂ ಬಂದೂ ಮಿಡಿ ಹಳದಿಯಾಗಿ ನಾಲ್ಕೈದು ದಿನಕ್ಕೆ ಉದುರಿದರೆ ಪರಾಗ ಮುಟ್ಟಿಲ್ಲ ಎಂದೇ ತಿಳಿಯಬೇಕು. ತುಡುವೆ ಜೇನು ಬರುವ ಹಿತ್ತಲಲ್ಲಿ ಈ ಚಿಂತೆ ಕಡಿಮೆ. ಪೇಟೆಯ ಮನೆಗಳಲ್ಲಿ ಕೈಯಾಡಿಸದೆ ವಿಧಿಯಿಲ್ಲ.

ನಾನು ಮಾಡುವ ರೀತಿ ಹೀಗೆ. ಹಿಂದಿನ ಸಂಜೆಯೇ ಬಳ್ಳಿ ನೋಡಿಕೊಳ್ಳುತ್ತೇನೆ. ಮರುದಿನ ಅರಳುವ ಮೊಗ್ಗಿನ ತುದಿಗೆ ಹಳದಿ ಬಣ್ಣ ಬಂದಿರುತ್ತದೆ. ಬೆಳಗ್ಗೆ ಆರರಿಂದ ಎಂಟರೊಳಗೆ ಹೊಸದಾಗಿ ಅರಳಿದ ಗಂಡುಹೂ ಕಿತ್ತು, ದಳಗಳನ್ನೆಲ್ಲ ಸುಲಿದು, ನಡುವಿನ ಕಂಬಿ ಮಾತ್ರ ಉಳಿಸುತ್ತೇನೆ. ಬೆರಳಿಗೆ ಅರಿಸಿನದ ಹಾಗೆ ಅಂಟಿದರೆ ಪರಾಗ ಸರಿಯಾಗಿದೆ. ಹೆಣ್ಣುಹೂವಿನೊಳಗೆ ಮೂರು ಉಬ್ಬುಗಳ ಮುದ್ದೆಯೊಂದಿರುತ್ತದೆ. ಮೂರಕ್ಕೂ ಸುತ್ತಲೂ ನವಿರಾಗಿ ಸವರಬೇಕು. ಒಂದು ಬದಿಗೆ ಮಾತ್ರ ತಾಗಿದರೆ ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಒಂದು ಗಂಡುಹೂ ಎರಡು ಹೆಣ್ಣುಹೂವಿಗೆ ಸಾಕು. ಹತ್ತು ಗಂಟೆ ದಾಟಿದರೆ ಹೂ ಮುದುಡುತ್ತದೆ, ಆಮೇಲೆ ಮಾಡಿ ಫಲವಿಲ್ಲ. ರಾತ್ರಿ ಮಳೆ ಬರುವಂತಿದ್ದರೆ ಎರಡೂ ಬಗೆಯ ಮೊಗ್ಗಿನ ಬಾಯಿಗೆ ಸಂಜೆಯೇ ದಾರ ಕಟ್ಟಿ, ಬೆಳಗ್ಗೆ ಬಿಚ್ಚಿ, ಸವರಿ, ಹೆಣ್ಣುಹೂವಿಗೆ ಮತ್ತೆ ಕಟ್ಟಿಬಿಡಿ. ನೆನೆದ ಪರಾಗ ಕೆಲಸಕ್ಕೆ ಬರುವುದಿಲ್ಲ.

ಕೊನೆಯ ಕಾವಲು ಹಣ್ಣುನೊಣಕ್ಕೆ, ಕಾಯಿ ಹೆಚ್ಚು ಹಾಳಾಗುವುದು ಇದರಿಂದಲೇ. ಮಿಡಿಯ ಎಳೆ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಸೂಜಿಮೊನೆಯಷ್ಟು ಕಲೆ, ಅದರ ಮೇಲೊಂದು ಹನಿ ಅಂಟು. ಅದು ಕಂಡಾಗ ಒಳಗೆ ಕೆಲಸ ಆಗಿಹೋಗಿರುತ್ತದೆ, ಆ ಮಿಡಿ ಕೀಳಬೇಕು. ಕಿತ್ತದ್ದನ್ನು ಗೊಬ್ಬರಗುಂಡಿಗೆ ಎಸೆಯಬಾರದು. ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ವಾರ ಹತ್ತು ದಿನ ಸುಡುಬಿಸಿಲಿಗಿಡಿ. ಚೆನ್ನಾಗಿರುವ ಮಿಡಿಗೆ ಹೂ ಬಾಡಿದ ತಕ್ಷಣ, ಎರಡು ಮೂರನೇ ದಿನಕ್ಕೆ, ಹಳೆ ಪಂಚೆಯ ಬಟ್ಟೆಯಲ್ಲಿ ಹೊಲಿದ ಸಡಿಲ ಚೀಲ ತೊಡಿಸಿ ತೊಟ್ಟಿನ ಹತ್ತಿರ ಕಟ್ಟುತ್ತೇನೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವತು ಮಿಡಿ ಕೊಳೆಯುತ್ತದೆ. ಕಾಯಿ ತೆಂಗಿನಕಾಯಿ ಗಾತ್ರವಾಗಿ ಸಿಪ್ಪೆ ಗಟ್ಟಿಯಾದ ಮೇಲೆ ಚೀಲ ಬಿಚ್ಚಿ, ಅಡಿಗೆ ಒಂದು ಚಪ್ಪಟೆ ಕಲ್ಲು ಇಡುತ್ತೇನೆ. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕೊಳ್ಳುವವರು ಅಂಗಡಿಯಲ್ಲಿ ಕ್ಯೂ ಲೂರ್ ಅಂತಲೇ ಕೇಳಬೇಕು. ಮಾವಿನ ನೊಣಕ್ಕೆ ಕೊಡುವ ಮಿಥೈಲ್ ಯೂಜಿನಾಲ್ ಗುಳಿಗೆಗೆ ಕುಂಬಳದ ನೊಣ ಬರುವುದಿಲ್ಲ. ಬಲೆಗೆ ಬೀಳುವುದು ಗಂಡುನೊಣ ಮಾತ್ರ, ಆದ್ದರಿಂದ ಬಲೆ ಇದ್ದರೂ ಚೀಲ ಬಿಡಬಾರದು.

ಬೂದಿರೋಗ ಇಬ್ಬನಿ ಕಾಲದಲ್ಲಿ ಹಳೆ ಎಲೆಯಿಂದ ಶುರುವಾಗುತ್ತದೆ. ತೀರ ಬಿಳಿಯಾದ ಎಲೆ ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ವಾರಕ್ಕೊಮ್ಮೆ ಬೆಳಗಿನ ಬಿಸಿಲಲ್ಲಿ ಸಿಂಪಡಿಸಿದರೆ ಹತೋಟಿಯಲ್ಲಿರುತ್ತದೆ. ಗಂಧಕದ ಪುಡಿ ಈ ಜಾತಿಯ ಎಲೆಯನ್ನು ಬಿಸಿಲಲ್ಲಿ ಸುಡುತ್ತದೆ, ಬೇಡ. ಎಲೆ ಹಳದಿ-ಹಸಿರು ಮಚ್ಚೆಯಾಗಿ ಮುರುಟಿಕೊಂಡರೆ ಅದು ನಂಜುರೋಗ. ಮದ್ದಿಲ್ಲ, ಬಳ್ಳಿ ಕಿತ್ತು ಸುಡುವುದೊಂದೇ ದಾರಿ.

ತಾರಸಿಯಲ್ಲಿ ಬೆಳೆಯುವವರಿಗೆ ಕನಿಷ್ಠ 60 ಲೀಟರ್ ಮಣ್ಣು ಹಿಡಿಯುವ ಡ್ರಮ್ಮು ಬೇಕು. ಬಳ್ಳಿಗೆ ಅಷ್ಟು ಜಾಗವಿಲ್ಲದಿದ್ದರೆ ಜುಕಿನಿ ಹಾಕಿ. ಹಬ್ಬದೆ ಪೊದೆಯಾಗಿ ನಿಲ್ಲುತ್ತದೆ, ಒಂದೂವರೆ ತಿಂಗಳಿನಿಂದ ಎರಡು ತಿಂಗಳೊಳಗೆ ಕೊಯ್ಲು. ಕಾಯಿ ಗೇಣುದ್ದ ಆಗುವ ಮೊದಲೇ ಕೀಳಬೇಕು. ಬಲಿಯಲು ಬಿಟ್ಟರೆ ಹೊಸ ಹೂ ನಿಲ್ಲುತ್ತದೆ. ಪರಾಗ ಸವರುವ ಕ್ರಮ ಅದಕ್ಕೂ ಇದೇ.

ಸಿಹಿಗುಂಬಳವನ್ನು ಎಳೆಯದಾಗಿ ಹುಳಿಗೆ ಬಳಸಬಹುದು. ಕೂಡಿಡುವುದಕ್ಕಾದರೆ ತೊಟ್ಟು ಬೆಂಡಿನಂತೆ ಒಣಗಿ, ಉಗುರು ಒತ್ತಿದರೂ ಸಿಪ್ಪೆ ತಗ್ಗದಂತಾಗಬೇಕು. ಮೂರು ಬೆರಳಗಲ ತೊಟ್ಟು ಉಳಿಸಿ ಕತ್ತರಿಸಿ, ತೊಟ್ಟು ಹಿಡಿದು ಎತ್ತಬೇಡಿ, ಅದು ಕಳಚಿದ ಕಡೆಯಿಂದಲೇ ಕೊಳೆ ಶುರುವಾಗುತ್ತದೆ. ಹತ್ತು ದಿನ ಗಾಳಿಯಾಡುವ ನೆರಳಲ್ಲಿಟ್ಟು ಆಮೇಲೆ ಅಟ್ಟಕ್ಕೆ ಏರಿಸಿದರೆ ಮೂರು ತಿಂಗಳು ಧಾರಾಳ ಇರುತ್ತದೆ. ಇಟ್ಟಷ್ಟು ದಿನ ಪಿಷ್ಟ ಸಕ್ಕರೆಯಾಗುತ್ತದೆ, ಹಾಗಾಗಿ ಕಡುಬಿಗೆ ತಿಂಗಳು ಇಟ್ಟ ಕಾಯಿಯೇ ರುಚಿ. ಬೀಜಕ್ಕೂ ಅಂಥ ಕಾಯಿಯೇ ಆಗಬೇಕು. ತಿರುಳು ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಪಕ್ಕದಲ್ಲಿ ಬೂದುಗುಂಬಳ ಇದ್ದರೆ ಬೀಜ ಕೆಡುತ್ತದೆ ಎಂಬ ಭಯ ಬೇಡ, ಅವೆರಡೂ ಬೆರೆಯುವುದಿಲ್ಲ. ಎರಡು ಬಗೆಯ ಸಿಹಿಗುಂಬಳ ಇದ್ದಾಗ ಮಾತ್ರ ಬೀಜದ ಹೂವಿಗೆ ದಾರ ಕಟ್ಟಿ, ಅದೇ ಬಗೆಯ ಗಂಡುಹೂವನ್ನೇ ಸವರಿ, ಆ ಕಾಯಿಯ ತೊಟ್ಟಿಗೆ ಗುರುತಿಗೊಂದು ಬಣ್ಣದ ದಾರ ಸುತ್ತಿಡಬೇಕು.