ಅತ್ತಿಗೆಯ ರವಿಕೆಗೆ ತೂಕ ಕೂಡಿಸಿದ್ದು

"ಹತ್ತಿ ತುಂಬಿ ಒಂದು ಹೊಲಿಗೆ ಹಾಕಿ ಕೊಡಮ್ಮ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯಾ?" ನನಗೆ ಕಟಿಂಗ್ ಕಲಿಸಿದ ಮಾಸ್ಟರ್ರೇ ಹೀಗಂದಿದ್ದರು. ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ನನ್ನ ಹೊಲಿಗೆ ಅಂಗಡಿ. ಸ್ತನ ಕ್ಯಾನ್ಸರ್ ಬಂದು ಸ್ತನ ತೆಗೆಸಿಕೊಂಡ ಹೆಂಗಸರಿಗೆ, ಖಾಲಿಯಾದ ಕಡೆ ತುಂಬುವ ಚೀಲ ಇಟ್ಟು, ಇದುವರೆಗೆ ಅರವತ್ತಕ್ಕೂ ಜಾಸ್ತಿ ರವಿಕೆ ಹೊಲಿದಿದ್ದೇನೆ. ಕಳೆದ ಎರಡು ವರ್ಷದಲ್ಲಿ ಒಂದೂ ವಾಪಸ್ ಬಂದಿಲ್ಲ. ಮಾಸ್ಟರ್ ಈಗ ಅಂಥ ಗಿರಾಕಿಗಳನ್ನು ನನ್ನ ಹತ್ತಿರಾನೇ ಕಳಿಸುತ್ತಾರೆ.

ಶುರುವಾಗಿದ್ದು ನಮ್ಮ ಅತ್ತಿಗೆಯಿಂದ. ಚನ್ನರಾಯಪಟ್ಟಣದ ಕಡೆ ಹಳ್ಳಿಯಲ್ಲಿ ಅಣ್ಣನ ಮನೆ. ಅತ್ತಿಗೆಗೆ ಆಗ 46 ವರ್ಷ. ಸ್ನಾನ ಮಾಡುವಾಗ ಎಡಗಡೆ ಒಂದು ಗಂಟು ಕೈಗೆ ಸಿಕ್ಕಿದೆ. ನೋವಿಲ್ಲ. ನೋವಿಲ್ಲದ ಮೇಲೆ ಏನಿರುತ್ತೆ ಅಂತ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಈ ಕಾಯಿಲೆಯ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದೇ ಇಲ್ಲ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಪೂರ್ತಿ ಸ್ತನ ತೆಗೆದರು, ಕಂಕುಳಿನ ಗಂಟುಗಳನ್ನೂ (ದುಗ್ಧಗ್ರಂಥಿ) ತೆಗೆದರು. ಆಮೇಲೆ ಕೀಮೋ, ಕರೆಂಟು (ರೇಡಿಯೇಷನ್). ತಲೆಗೂದಲು ಹೋಯಿತು, ಮತ್ತೆ ಬಂತು. ಆದರೆ ಅತ್ತಿಗೆ ಮದುವೆ, ಹಬ್ಬ ಅಂತ ಎಲ್ಲಿಗೂ ಬರುವುದನ್ನು ಬಿಟ್ಟುಬಿಟ್ಟರು. ಸೆರಗನ್ನು ಎರಡು ಸುತ್ತು ಹೊದ್ದು ಕೂತಿರುತ್ತಿದ್ದರು. ಅಣ್ಣನ ಎದುರಿಗೂ ಹಾಗೇ. ಹೊಲಿಗೆ ಗೊತ್ತಿರುವ ನಾನು ಇದನ್ನು ನೋಡಿಕೊಂಡು ಸುಮ್ನೆ ಇರೋಕಾಗುತ್ತಾ?

ಬೆಂಗಳೂರಿನ ಅಂಗಡಿಯೊಂದರಲ್ಲಿ ಸಿಲಿಕೋನಿನ ಕೃತಕ ಸ್ತನ ಕೇಳಿದ್ದೆ. ಎಂಟೋ ಒಂಬತ್ತೋ ಸಾವಿರ ಅಂದರು. ಅದನ್ನು ಇಡೋಕೆ ಬೇರೆ ಥರದ ಬ್ರಾ ಬೇಕು, ಅದರ ದುಡ್ಡು ಬೇರೆ. ಆಸ್ಪತ್ರೆ ಖರ್ಚಿಗೇ ಅಣ್ಣ ಎರಡು ಹಸು ಮಾರಿದ್ದ.

ಅದಕ್ಕೇ ನಾನೇ ಬಟ್ಟೆಯ ಚೀಲ ಮಾಡಿ ರವಿಕೆಯೊಳಗೆ ಇಡೋಣ ಅಂದುಕೊಂಡೆ. ಮೊದಲು ಬೂರುಗದ ಹತ್ತಿ ತುಂಬಿದೆ. ಕನ್ನಡಿ ಮುಂದೆ ಚೆನ್ನಾಗಿ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಆ ಕಡೆ ರವಿಕೆ ಎರಡು ಬೆರಳು ಮೇಲಕ್ಕೆ ಏರಿತ್ತು. ತೂಕ ಇಲ್ಲದಿದ್ದರೆ ಏನೂ ನಿಲ್ಲಲ್ಲ. ಜೊತೆಗೆ ಒಂದು ಕಡೆ ಭಾರ, ಇನ್ನೊಂದು ಕಡೆ ಖಾಲಿ. ಅತ್ತಿಗೆಯ ಭುಜ ಒಂದು ಪಕ್ಕಕ್ಕೆ ವಾಲಿ ಕುತ್ತಿಗೆ ನೋಯುತ್ತಿತ್ತು. ಆಗ ನನಗೆ ಅರ್ಥವಾಯಿತು, ಇದು ಬರೀ ನೋಟದ ವಿಷಯ ಅಲ್ಲ.

ಹಾಗಾಗಿ ರಾಗಿ ತುಂಬಿದೆ. ಸಣ್ಣ ಕಾಳು, ಮೈಗೆ ಒತ್ತಲ್ಲ, ಮನೆಯಲ್ಲೇ ಇದೆ. ಅತ್ತಿಗೆಗೆ ತುಂಬಾ ಹಿಡಿಸಿತು. ಆದರೆ ಅದು ಆಷಾಢ. ಒಗೆದು ನೆರಳಲ್ಲಿ ಹಾಕಿದ ಚೀಲ ಒಣಗಲೇ ಇಲ್ಲ. ಮೂರನೇ ದಿನ ನೋಡಿದರೆ ಬಟ್ಟೆ ತೂರಿಕೊಂಡು ಬಿಳಿ ಮೊಳಕೆ ಬಂದಿತ್ತು. ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟರು. ಆ ದಿನ ಇದನ್ನು ಬಿಟ್ಟುಬಿಡೋಣ ಅನಿಸಿತ್ತು.

ಸಾಸಿವೆ ತುಂಬಿದರೆ ಬೆವರಿಗೆ ಎಣ್ಣೆ ವಾಸನೆ. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ಎರಡೇ ವಾರಕ್ಕೆ ತುಕ್ಕು ಹಿಡಿದು ಒಳ್ಳೆ ರೂಬಿಯಾ ಬಟ್ಟೆ ಹಾಳಾಯಿತು. ಗೊರೂರು ಡ್ಯಾಮಿನ ಕಡೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಹಾಕು ಅಂತ ಒಬ್ಬರು ಹೇಳಿದರು. ಸೀಸ ವಿಷ, ಮೈಗೆ ಹತ್ತಿರ ಇಡಬೇಡಿ. ಅದನ್ನು ನಾನು ಮುಟ್ಟಲೇ ಇಲ್ಲ.

ಸರಿಹೋಗಿದ್ದು ಆರಿ ವರ್ಕ್ ಕಸೂತಿಗೆ ಬಳಸುವ ಗಾಜಿನ ಸಣ್ಣ ಮಣಿ. ಬಣ್ಣ ಹಾಕದ ಮಣಿಯೇ ಬೇಕು, ಬಣ್ಣದ್ದು ಬಿಡುತ್ತೆ. ಮಣಿಯನ್ನು ಬಿಗಿ ನೇಯ್ಗೆಯ ಎರಡು ಪದರದ ಚೀಲದಲ್ಲಿ ಹಾಕಿ ಕೆಳಗೆ, ಎದೆಗೂಡಿನ ಕಡೆಗೆ ಇಡುತ್ತೇನೆ. ಅದರ ಮುಂದೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ. ಮೇಲೆ ಬನಿಯನ್ ಬಟ್ಟೆ. ಒಗೆದರೆ ಒಂದೇ ರಾತ್ರಿಗೆ ಒಣಗುತ್ತೆ.

ಎಷ್ಟು ತೂಕ? ಇದಕ್ಕೆ ಒಂದು ಪ್ರಯೋಗ ಮಾಡಿದೆವು. ಬಚ್ಚಲಲ್ಲಿ ಪಾತ್ರೆಯ ತುಂಬಾ ನೀರು ಇಟ್ಟು, ಅತ್ತಿಗೆ ಬಗ್ಗಿ ಉಳಿದ ಸ್ತನವನ್ನು ಮುಳುಗಿಸಿದರು. ಚೆಲ್ಲಿದ ನೀರನ್ನು ಅಳೆದೆ. 340 ಎಂ.ಎಲ್. ಸುಮಾರು ಬಂತು. ಅಂದರೆ ತೂಕ ಹತ್ತಿರ ಹತ್ತಿರ 340 ಗ್ರಾಂ. ಅಷ್ಟೇ ತೂಕದ್ದು ಮಾಡಿಕೊಟ್ಟರೆ ಭಾರ ಅಂದರು. ಇದು ಮೈಗೆ ಅಂಟಿಕೊಂಡಿರಲ್ಲ, ಬಟ್ಟೆಯಲ್ಲಿ ನೇತಾಡುತ್ತೆ, ಅದಕ್ಕೆ. 230ಕ್ಕೆ ಇಳಿಸಿದ ಮೇಲೆ ಭುಜ ನೇರ ನಿಂತಿತು. ಗಿರಾಕಿಗಳ ಹತ್ತಿರ ಈ ನೀರಿನ ಅಳತೆ ನಡೆಯಲ್ಲ, ಸಂಕೋಚ ಪಡುತ್ತಾರೆ. 50 ಗ್ರಾಮಿನ ಚೀಲಗಳನ್ನು ಒಂದೊಂದಾಗಿ ಇಟ್ಟು ಕನ್ನಡಿಯಲ್ಲಿ ಭುಜ ನೋಡುತ್ತೇನೆ.

ರವಿಕೆಯಲ್ಲಿ ಚೀಲ ಇಡುವ ಒಳಜೇಬಿನ ಬಾಯಿಯನ್ನು ಎಲ್ಲಿ ಇಟ್ಟರೆ ಗದ್ದೆಯಲ್ಲಿ ಬಗ್ಗಿದಾಗ ಚೀಲ ಮುಂದಕ್ಕೆ ಬೀಳಲ್ಲ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂಬತ್ತು ರವಿಕೆ ಕೆಡಿಸಿದ್ದೇನೆ. ಅಂಗಡಿಗೆ ಬಂದು ಒಂದು ದಿನ ಕೂತರೆ ಕೈಯಲ್ಲೇ ಕಲಿಸುತ್ತೇನೆ.

ತೋಳಿನ ವಿಷಯ ಮಾತ್ರ ಮುಚ್ಚಿಡಲ್ಲ, ಯಾಕೆಂದರೆ ಇದರಲ್ಲಿ ತಪ್ಪಿದರೆ ಅವರಿಗೇ ಕಷ್ಟ. ಕಂಕುಳಿನ ಗಂಟು ತೆಗೆದವರಿಗೆ ಆ ಕಡೆ ಕೈ ಊದಬಹುದು. ವರ್ಷಗಳ ಮೇಲೂ ಊದಬಹುದು. ಎರಡು ತೋಳನ್ನೂ ಬೇರೆ ಬೇರೆ ಅಳೆಯಿರಿ. ಸಂಜೆ ಹೊತ್ತು ಅಳೆಯಿರಿ, ಬೆಳಿಗ್ಗೆಗಿಂತ ಊತ ಜಾಸ್ತಿ ಇರುತ್ತೆ. ನಾನು ಆ ತೋಳಿಗೆ ಒಂದೂವರೆ ಇಂಚು ಜಾಸ್ತಿ ಬಿಡುತ್ತೇನೆ. ಮೊದಲ ರವಿಕೆಯಲ್ಲಿ ಎರಡೂ ತೋಳು ಸಮ ಇಟ್ಟು ಅತ್ತಿಗೆಯ ಕೈಗೆ ಬಟ್ಟೆಯ ಗುರುತು ಬಿದ್ದಿತ್ತು. ಹುಕ್ಸ್ ಮುಂದೆಯೇ ಇರಲಿ, ಕೈ ಹಿಂದಕ್ಕೆ ಹೋಗಲ್ಲ. ಕರೆಂಟು ಕೊಟ್ಟ ಜಾಗದ ಚರ್ಮ ತುಂಬಾ ಸೂಕ್ಷ್ಮ. ಲೈನಿಂಗಿಗೆ ಹಳೇ ಮಲ್ ಬಟ್ಟೆ ಹಾಕಿ, ಓವರ್‌ಲಾಕ್ (ಬಟ್ಟೆ ಅಂಚಿನ ಹೊಲಿಗೆ) ಹೊರಗಡೆಗೆ ಬರಲಿ. ಗಾಯ ಪೂರ್ತಿ ಮಾಗಿ ಡಾಕ್ಟರು ಸರಿ ಅನ್ನುವ ತನಕ ಮಣಿ ಬೇಡ. ಅಲ್ಲಿವರೆಗೆ ಬರೀ ಹತ್ತಿ.

ನಡುವೆ ಹತ್ತಿ ದಾರದಲ್ಲಿ ಕ್ರೋಶಾ ಹೆಣೆದೂ ನೋಡಿದೆ. ಬೇಸಿಗೆಗೆ ತಂಪು, ನೋಡೋಕೂ ಚೆಂದ. ಒಂದಕ್ಕೆ ಆರು ಗಂಟೆ ಹಿಡಿಯಿತು. ಮನೆಯಲ್ಲಿ ಹಾಕಿಕೊಳ್ಳಲು ನಾಲ್ಕು ಜನಕ್ಕೆ ಕೊಟ್ಟು ನಿಲ್ಲಿಸಿದೆ.

ಮೊದಲ ಒಂದೂವರೆ ವರ್ಷದಲ್ಲಿ 14 ಸಾವಿರದ ಹತ್ತಿರ ಹೋಯಿತು. ಒಂದು ದೀಪಾವಳಿಯ ಆರ್ಡರ್‌ಗಳೂ ತಪ್ಪಿದವು. ಈಗ ಚೀಲಕ್ಕೆ ಸಾಮಾನು 120 ರೂಪಾಯಿ ಬೀಳುತ್ತೆ. ಚೀಲ 250ಕ್ಕೆ, ರವಿಕೆ ಸೇರಿ 650ಕ್ಕೆ ಕೊಡುತ್ತೇನೆ. ಕೊಡಲಾಗದವರ ಹತ್ತಿರ ಬಟ್ಟೆ ತನ್ನಿ ಸಾಕು ಅನ್ನುತ್ತೇನೆ.

ಅಳತೆ ಕೊಡುವಾಗ ಹೆಂಗಸರು ಬಾಯಿ ಬಿಡುತ್ತಾರೆ. ಜಾಸ್ತಿ ಜನ ಕೇಳುವುದು, ಬಿಗಿ ಬ್ರಾ ಹಾಕಿದ್ದಕ್ಕೆ ಬಂತಾ ಅಂತ. ಅತ್ತಿಗೆಯ ಡಾಕ್ಟರನ್ನು ಇದನ್ನೇ ಕೇಳಿದ್ದೆ. ಅಲ್ಲವೇ ಅಲ್ಲ ಅಂದರು. ಹೆಣ್ಣಾಗಿರುವುದು, ವಯಸ್ಸಾಗುವುದು, ಇವೆರಡು ಬಿಟ್ಟರೆ ಅರ್ಧದಷ್ಟು ಜನರಲ್ಲಿ ಬೇರೆ ಕಾರಣವೇ ಕಾಣಲ್ಲವಂತೆ. ತಾಯಿಗೆ ಬಂದಿದ್ದರೆ ಮಗಳಿಗೆ ಅಪಾಯ ಜಾಸ್ತಿ, ಆದರೆ ಬಂದೇ ಬರುತ್ತೆ ಅಂತಲ್ಲ. ಅಣ್ಣನ ಮಗಳು ಈ ಮಾತು ಕೇಳಿದ ಮೇಲೇ ನೆಮ್ಮದಿಯಾಗಿ ನಿದ್ದೆ ಮಾಡಿದ್ದು. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 1 ಲಕ್ಷ 90 ಸಾವಿರಕ್ಕೂ ಜಾಸ್ತಿ ಹೆಂಗಸರಿಗೆ ಇದು ಹೊಸದಾಗಿ ಬಂದಿದೆ ಅನ್ನುವ ಅಂದಾಜಿದೆ. ಅಷ್ಟು ಜನರಲ್ಲಿ ಬ್ರಾ ಹಾಕದ ಅಜ್ಜಿಯರೂ ಇದ್ದಾರೆ, ಅಲ್ವಾ?

ಕಳೆದ ವರ್ಷ ಅರಸೀಕೆರೆಯ ಒಬ್ಬರು, ಮೂವತ್ತೆಂಟರ ಹೆಂಗಸು, ಹೊಸ ರವಿಕೆಗೆ ಬಂದಿದ್ದರು. ಅಳತೆ ರವಿಕೆ ಒಂದೇ ಕಡೆ ಬಿಗಿ, ಚರ್ಮ ಸ್ವಲ್ಪ ಒಳಕ್ಕೆ ಎಳೆದ ಹಾಗಿತ್ತು. ಅಳತೆ ನಿಲ್ಲಿಸಿ, "ನಾಳೆನೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ ಅಕ್ಕ" ಅಂದೆ. ಮೂವತ್ತು ದಾಟಿದವರಿಗೆ ಅಲ್ಲಿ ಎದೆ ಪರೀಕ್ಷೆ ಮಾಡುತ್ತಾರೆ. ಹೋದರು. ಬೇಗ ಸಿಕ್ಕಿತು, ಗಂಟನ್ನಷ್ಟೇ ತೆಗೆದು ಸ್ತನ ಉಳಿಸಿದರು. ಅವರಿಗೆ ನನ್ನ ಚೀಲ ಬೇಕಾಗಲಿಲ್ಲ.

ಅತ್ತಿಗೆ ಮೊನ್ನೆ ಯುಗಾದಿಗೆ ಹಸಿರು ರೇಷ್ಮೆ ಉಟ್ಟು, ಸೆರಗು ಪಿನ್ ಮಾಡಿಕೊಂಡು ಬಂದಿದ್ದರು. ನಾನೀಗ ಎರಡೂ ಕಡೆ ತೆಗೆಸಿಕೊಂಡವರ ರವಿಕೆ ಹಿಡಿದು ಕೂತಿದ್ದೇನೆ. ಸರಿದೂಗಿಸಲು ಇನ್ನೊಂದು ಕಡೆ ಇಲ್ಲವಲ್ಲ, ತೂಕದ ಲೆಕ್ಕವೇ ಬೇರೆ. ಎರಡೂ ಕಡೆ 150 ಗ್ರಾಂ ಇಟ್ಟು ಕೊಟ್ಟಿದ್ದೇನೆ, ಒಂದು ತಿಂಗಳು ಹಾಕಿ ನೋಡಿ ಹೇಳುತ್ತೇನೆ ಅಂದಿದ್ದಾರೆ.